ಹಂಪನಕಟ್ಟೆಯ ಹಳೆ ಪುಸ್ತಕದಂಗಡಿಯಲ್ಲಿ ಆರ್ಥರ್ ಕ್ಲಾರ್ಕ್

ಮಂಗಳೂರಿನ ಹಂಪನಕಟ್ಟೆಯ ಬಳಿಯ ಹಳೆ ಪುಸ್ತಕದಂಗಡಿಯೊಂದರಲ್ಲಿ ವಿಜ್ಞಾನ ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್ ಅವರಿಗೆಂದೇ ಒಂದು ಕಪಾಟು ಮೀಸಲಾಗಿದೆ. ಪುಸ್ತಕಗಳನ್ನು ಪ್ರಕಟಣೆಯ ವರ್ಷಕ್ಕನುಗುಣವಾಗಿ ಜೋಡಿಸಿರುವುದರಿಂದ, ಒಂದು ತುದಿಯಿಂದ ನೋಡುತ್ತ ಹೋದಂತೆ ಅವರ ಬರವಣಿಗೆಯ ಬೆಳವಣಿಗೆಯೇ ಕಣ್ಣಿಗೆ ಕಟ್ಟುತ್ತದೆ.

1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯ ರೇಡಾರ್ ವಿಭಾಗದಲ್ಲಿ ದುಡಿದ ಕ್ಲಾರ್ಕ್, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ನಿಲ್ದಾಣಗಳನ್ನಿರಿಸಿದರೆ ಇಡೀ ಜಗತ್ತಿಗೆ ರೇಡಿಯೋ ಸಂಪರ್ಕ ಒದಗಿಸಬಹುದೆಂದು 1945ರ ಲೇಖನದಲ್ಲಿ ಲೆಕ್ಕ ಸಮೇತ ತೋರಿಸಿದ್ದರು. ಇಷ್ಟು ಖಚಿತವಾದ ತಾಂತ್ರಿಕ ತಿಳಿವಳಿಕೆಯೇ ಅವರ ಕಾದಂಬರಿಗಳ ಬೆನ್ನೆಲುಬು ಎಂಬುದು ನನ್ನ ದೃಢವಾದ ಅಭಿಪ್ರಾಯ. 1956ರಲ್ಲಿ ಶ್ರೀಲಂಕೆಗೆ ಬಂದು, 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿಯೇ ನೆಲೆಸಿದ್ದರು. ಕಡಲಿನಾಳಕ್ಕೆ ಇಳಿಯುವುದು ಅವರಿಗೆ ಬಾಹ್ಯಾಕಾಶದಷ್ಟೇ ಪ್ರಿಯವಾಗಿತ್ತು. ಕರಾವಳಿಯ ಓದುಗರಾದ ನಮಗೆ ಇದು ವಿಶೇಷವಾಗಿ ಆಪ್ತವೆನಿಸುತ್ತದೆ.

ನಾನು ಕೊಂಡದ್ದು 1979ರ ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’. ಶ್ರೀಲಂಕೆಯನ್ನೇ ಹೋಲುವ ದ್ವೀಪದಿಂದ ಬಾಹ್ಯಾಕಾಶಕ್ಕೆ ಲಿಫ್ಟ್ ಕಟ್ಟುವ ಕಥೆ ಅದು. ಬೆಲೆ 120 ರೂಪಾಯಿ. ಹಾಳೆಗಳು ಹಳದಿಯಾಗಿದ್ದರೂ ಹೊಲಿಗೆ ಗಟ್ಟಿಯಾಗಿದೆ. ಆದರೆ ಕೆಳಗಿನ ಸಾಲಿನ ಪುಸ್ತಕಗಳ ರಟ್ಟಿಗೆ ಮಳೆಗಾಲದ ತೇವದಿಂದ ಬೂಸ್ಟು ಹಿಡಿದಿದೆ. ಅಂಗಡಿಯವರು ಅವನ್ನು ಗೋಡೆಯಿಂದ ದೂರವಿರಿಸುವುದು ಒಳ್ಳೆಯದು. ಯಾವ ಕೃತಿಯಿಂದ ಓದು ಆರಂಭಿಸಬೇಕೆಂದು ಕೇಳಿದವರಿಗೆ ಅವರು ತಾಳ್ಮೆಯಿಂದ ವಿವರಿಸುತ್ತಾರೆ, ಕೊಳ್ಳುವಂತೆ ಒತ್ತಾಯಿಸುವುದಿಲ್ಲ.