‘ಖಾಲಿ ಬಿಡಿ, ಡೀಫಾಲ್ಟ್ ತಗೊಳ್ಳುತ್ತೆ’ ಎಂದರೆ ನಂಬಬೇಡಿ

ಬೇರೆಯವರು ಬರೆದುಕೊಟ್ಟ ಬ್ಯಾಕಪ್ ಸ್ಕ್ರಿಪ್ಟ್ ನಿಮ್ಮ ಸರ್ವರ್‌ನಲ್ಲಿ ಓಡುತ್ತಿದೆಯಾ? ಇವತ್ತೇ ತೆಗೆದು ನೋಡಿ. ನಾಳೆ ನೋಡೋಣ ಅನ್ನಬೇಡಿ.

ನಮ್ಮ ಅಂಗಡಿಯ ಬಿಲ್ಲಿಂಗ್ ಎಲ್ಲಾ ಒಂದು ಲಿನಕ್ಸ್ ಸರ್ವರ್‌ನಲ್ಲಿತ್ತು. ಸಾಫ್ಟ್‌ವೇರ್ ಹಾಕಿದ ಕಂಪನಿಯವರೇ ರಾತ್ರಿ ಬ್ಯಾಕಪ್‌ಗೆ ಬ್ಯಾಷ್ ಸ್ಕ್ರಿಪ್ಟ್ (ಲಿನಕ್ಸ್ ಒಂದೊಂದಾಗಿ ಓಡಿಸುವ ಆದೇಶಗಳ ಫೈಲ್) ಬರೆದುಕೊಟ್ಟರು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಬ್ಯಾಕಪ್ ಎಲ್ಲಿಗೆ ಹೋಗಬೇಕು ಎಂಬ ಸಾಲಿನಲ್ಲಿ ಸಮ ಚಿಹ್ನೆಯ ಮುಂದೆ ಏನೂ ಇರಲಿಲ್ಲ. ಕೇಳಿದೆ. ‘ಖಾಲಿ ಇರಲಿ ಸರ್, ಡೀಫಾಲ್ಟ್ ತಗೊಂಡು ಹೊರಗಿನ ಡಿಸ್ಕ್‌ಗೇ ಹಾಕುತ್ತೆ’ ಎಂದರು. ಡೀಫಾಲ್ಟ್ ಅಂದರೆ ನಾವೇನೂ ಕೊಡದಿದ್ದಾಗ ಬಳಸಲು ಸ್ಕ್ರಿಪ್ಟ್‌ನಲ್ಲೇ ಬರೆದಿಟ್ಟ ಬೆಲೆ. ದಿನಾ ಬೆಳಿಗ್ಗೆ ‘ಬ್ಯಾಕಪ್ ಸಕ್ಸಸ್’ ಎಂದು ಮೆಸೇಜೂ ಬರುತ್ತಿತ್ತು.

ಸರ್ವರ್‌ನ ಡಿಸ್ಕ್ ಹೋಯಿತು. ಹೊರಗಿನ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ತೆರೆದೆ. ಡಿಸ್ಕ್ ಫಾರ್ಮ್ಯಾಟ್ ಮಾಡಿದಾಗ ತಾನಾಗೇ ಬರುವ ‘ಲಾಸ್ಟ್+ಫೌಂಡ್’ ಎಂಬ ಫೋಲ್ಡರ್ ಒಂದೇ. ಮತ್ತೇನೂ ಇಲ್ಲ. ಕೈಕಾಲು ತಣ್ಣಗಾಯಿತು. ಅಷ್ಟು ದಿನ ಸಕ್ಸಸ್, ಸಕ್ಸಸ್ ಎಂದು ಬಂದಿದ್ದು ಏನು ಹಾಗಾದರೆ?

ಇನ್‌ಸ್ಟಾಲ್ ಮಾಡುವಾಗ ಮೇಲ್ ಮಾಡಿದ್ದ ಸ್ಕ್ರಿಪ್ಟ್ ತೆಗೆದು ಓದಿದೆ. ಡೀಫಾಲ್ಟ್ ಬರೆದಿದ್ದಾರೆ, ನಿಜ. ಆದರೆ ಅದರ ಹಿಂದೆ ಬರೀ ಹೈಫನ್ (-) ಹಾಕಿದ್ದಾರೆ. ಕೋಲನ್ ಇಲ್ಲ. ಬರೀ ಹೈಫನ್ ಇದ್ದರೆ, ವೇರಿಯಬಲ್ (ಸೆಟ್ಟಿಂಗ್ಸ್ ಸಾಲಿನಲ್ಲಿ ಸಮ ಚಿಹ್ನೆಯ ಹಿಂದಿನ ಹೆಸರು) ಇಲ್ಲವೇ ಇಲ್ಲ ಎಂದಾಗ ಮಾತ್ರ ಡೀಫಾಲ್ಟ್ ಬರುತ್ತದೆ. ವೇರಿಯಬಲ್ ಇದ್ದು ಖಾಲಿ ಇದ್ದರೆ ಖಾಲಿಯನ್ನೇ ತಗೊಳ್ಳುತ್ತದೆ. ಕೋಲನ್ ಸೇರಿಸಿದರೆ (:-) ಎರಡಕ್ಕೂ ಡೀಫಾಲ್ಟ್ ಬರುತ್ತದೆ. ಇಲ್ಲಿ ಖಾಲಿ ಜಾಗದ ಮುಂದೆ ಒಂದು ಸ್ಲ್ಯಾಶ್ ಮಾತ್ರ ಉಳಿಯಿತು. ಅಂದರೆ ಅದೇ ಸರ್ವರ್‌ನ ರೂಟ್, ಎಲ್ಲಾ ಫೋಲ್ಡರ್‌ಗಳಿಗೂ ಮೇಲಿನ ಜಾಗ. ಬ್ಯಾಕಪ್ ಎಲ್ಲಾ ಅದೇ ಡಿಸ್ಕ್‌ಗೆ ಹೋಗಿ, ಅದರ ಜೊತೆಗೇ ಹಾಳಾಯಿತು.

ಕಂಪನಿಗೆ ಫೋನ್ ಮಾಡಿದರೆ ಬಂದ ಉತ್ತರ ಕೇಳಿ. ‘ಎರರ್ ಬಂದಿಲ್ಲ ಅಲ್ವಾ ಸರ್?’ ಆಮೇಲೆ, ‘ಸೆಟ್ಟಿಂಗ್ಸ್ ಖಾಲಿ ಬಿಟ್ಟಿದ್ದು ನೀವು.’ ಬಿಡಿ ಎಂದವರೇ ಅವರು! ಕೊನೆಗೆ, ‘ಡೇಟಾ ರಿಕವರಿ ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಬರಲ್ಲ.’ ಆ ಒಂದು ಕೋಲನ್ ಸೇರಿಸಿ ‘ಹೊಸ ವರ್ಷನ್’ ಎಂದು ಕಳಿಸಿದರು. ಅದಕ್ಕೂ ಬಿಲ್ ಹಾಕಿದರು. ಒಂದು ಕೋಲನ್‌ಗೆ ಬಿಲ್!

ನಿಮ್ಮ ಸ್ಕ್ರಿಪ್ಟ್‌ನಲ್ಲಿ ಕೋಲನ್ ಇದೆಯಾ ನೋಡಿ. ಬ್ಯಾಕಪ್ ಜಾಗಕ್ಕಾದರೆ ಡೀಫಾಲ್ಟೇ ಬೇಡ, ಕೋಲನ್ ಪ್ರಶ್ನಾರ್ಥಕ (:?) ಹಾಕಿಸಿ. ಖಾಲಿ ಇದ್ದರೆ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತದೆ. ‘ಸೆಟ್ -ಯು ಹಾಕಿದ್ದೇವೆ’ ಎಂದರೆ ಒಪ್ಪಬೇಡಿ, ಅದು ವೇರಿಯಬಲ್ ಇಲ್ಲವೇ ಇಲ್ಲದಿದ್ದರೆ ಮಾತ್ರ ಸ್ಕ್ರಿಪ್ಟ್ ನಿಲ್ಲಿಸುತ್ತದೆ, ಖಾಲಿಯನ್ನು ಹಿಡಿಯುವುದಿಲ್ಲ. ಮೆಸೇಜ್ ನಂಬದೆ ಡಿಸ್ಕ್ ತೆರೆದು ಫೈಲ್ ನೋಡಿ.

ಈಗ ಎಎಂಸಿ ರಿನ್ಯೂ ಮಾಡಿ ಎಂದು ಅವರಿಂದಲೇ ಫೋನ್ ಬರುತ್ತಿದೆ. ಹೋದ ಲೆಕ್ಕ ಯಾರು ತಂದುಕೊಡುತ್ತೀರಿ ಎಂದರೆ ಫೋನ್ ಇಡುತ್ತಾರೆ.