ದೀಪ ಉರಿಯಲು ಬಿಟ್ಟು ಬಾಗಿಲು ಹಾಕಿಕೊಂಡು ಹೋಗಬೇಡಿ

ಕಳೆದ ಕಾರ್ತಿಕದಲ್ಲಿ ನಮ್ಮ ಮನೆಯ ದೇವರ ಮಂಟಪ ಸುಟ್ಟುಹೋಯಿತು. ಮಾಡಿದ್ದು ಇಲಿ. ನಗಬೇಡಿ, ನಿಜ.

ಸಂಜೆ ಅಮ್ಮ ತುಳಸಿಗೂ ದೇವರಿಗೂ ದೀಪ ಹಚ್ಚಿದ್ದರು. ಪಕ್ಕದ ಬೀದಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆದಿದ್ದರು, ಎಲ್ಲರೂ ಹೊರಟೆವು. ಆರಿಸಿ ಹೋಗೋಣ ಅಂದೆ. ಹಚ್ಚಿದ ದೀಪವನ್ನು ನಾವಾಗೇ ಆರಿಸಬಾರದು ಅಂದರು ಅಮ್ಮ. ನಾನೂ ಸುಮ್ಮನಾದೆ.

ಅರ್ಧ ಗಂಟೆಗೆ ವಾಪಸ್ ಬಂದರೆ ಕಿಟಕಿಯಲ್ಲಿ ಹೊಗೆ. ಎಣ್ಣೆಯಲ್ಲಿ ನೆಂದ ಬತ್ತಿ ಇಲಿಗೆ ತಿಂಡಿ ಇದ್ದ ಹಾಗೆ, ಉರಿಯುತ್ತಿದ್ದರೂ ಬಾಲ ಹಿಡಿದು ಎಳೆಯುತ್ತದೆ. ನಮ್ಮದನ್ನು ಮಂಟಪದ ಹಿಂದಿನವರೆಗೂ ಎಳೆದಿತ್ತು, ನೆಲದ ಮೇಲೆ ಎಣ್ಣೆಯ ಗೆರೆ ಹಾಗೇ ಇತ್ತು. ಮಂಟಪ ಪ್ಲೈವುಡ್ಡು, ಮೇಲೆ ಪ್ಲಾಸ್ಟಿಕ್ ಹೂವಿನ ಹಾರ, ಸೀರಿಯಲ್ ಸೆಟ್ ವೈರು. ಕೆಳಗಿನ ಡ್ರಾಯರ್‌ನಲ್ಲಿ ಕರ್ಪೂರ, ಬೆಂಕಿಪೊಟ್ಟಣ, ಹತ್ತಿ, ಒಂದು ಬಾಟಲಿ ದೀಪದೆಣ್ಣೆ. ಕರ್ಪೂರ ಕರಗುವ ಮೊದಲೇ ಆವಿಯಾಗುತ್ತದೆ, ಆ ಆವಿಗೇ ಬೆಂಕಿ ಹತ್ತುತ್ತದೆ. ಅದನ್ನು ದೀಪದ ಬುಡದಲ್ಲಿ ಇಟ್ಟವರು ನಾವೇ!

ಇನ್ನು ನನ್ನ ದಡ್ಡತನ ಕೇಳಿ. ಒಂದು ಬಿಂದಿಗೆ ನೀರು ಸುರಿದೆ. ಉರಿಯುವ ಎಣ್ಣೆಯ ಕೆಳಗೆ ಹೋದ ನೀರು ತಟ್ಟನೆ ಆವಿಯಾಗಿ ಎಣ್ಣೆಯನ್ನು ಸಿಡಿಸುತ್ತದೆ, ಜ್ವಾಲೆ ಸೂರಿಗೇ ಹಾರಿತು, ನನ್ನ ಹುಬ್ಬು ಸುಟ್ಟಿತು. ವೈರು ಇದ್ದ ಕಡೆ ನೀರು ಹಾಕಿದ್ದು ಇನ್ನೊಂದು ತಪ್ಪು. ಎದುರು ಮನೆಯವರು ಬಂದು ಮೇನ್ ಸ್ವಿಚ್ ಆಫ್ ಮಾಡಿ, ದಪ್ಪ ಜಮಖಾನ ಹೊದಿಸಿ ಉಸಿರು ಕಟ್ಟಿಸಿದರು. 101ಕ್ಕೆ ಫೋನ್ ಮಾಡಬೇಕು ಅಂತ ನಮಗೆ ಹೊಳೆಯಲೇ ಇಲ್ಲ.

ಹಿತ್ತಾಳೆಯ ವಿಗ್ರಹಗಳು ಹುಣಸೆಹಣ್ಣಿಗೆ ಮತ್ತೆ ಹೊಳೆದವು. ಫೋಟೋಗಳ ಗಾಜು ಬಿಸಿಗೆ ಒಡೆದಿತ್ತು. ಹೋದದ್ದು ಅಜ್ಜಿಯ ಲಕ್ಷ್ಮಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ ಮೇಲೆ ಮನೆಮನೆಗೆ ಬಂದವಲ್ಲ, ಆ ಬಗೆಯ ಚಿತ್ರ. ಸೀರೆಯ ಅಂಚಿಗೆ ಅಜ್ಜಿಯೇ ಜರಿ, ಮಣಿ ಅಂಟಿಸಿದ್ದರು. ಕರಿದಾದ ನಾಲ್ಕು ಮಣಿ ಮಾತ್ರ ಸಿಕ್ಕಿತು. ನೆಂಟರು ಅಪಶಕುನ ಅಂತ ಶಾಂತಿ ಮಾಡಿಸಲು ಹೇಳಿದರು, ಇಲಿ ಬೋನು ತನ್ನಿ ಅಂದವರು ಒಬ್ಬರೂ ಇಲ್ಲ.

ಈಗ ದೀಪ ನೀರು ತುಂಬಿದ ಹರಿವಾಣದ ನಡುವೆ, ಮೇಲೆ ಗಾಜಿನ ಚಿಮಣಿ. ಕರ್ಪೂರ, ಎಣ್ಣೆ ಬೇರೆ ಕಪಾಟಿನ ಡಬ್ಬಿಯಲ್ಲಿ. ಹೊರಡುವ ಮುಂಚೆ ಅಮ್ಮನೇ ಒಂದು ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಒತ್ತುತ್ತಾರೆ. ಆರಿಸಿದ್ದಲ್ಲವಂತೆ, ಶಾಂತ ಮಾಡಿದ್ದಂತೆ. ಬೋನಿಗೆ ಇಲಿ ಇನ್ನೂ ಬಿದ್ದಿಲ್ಲ.