ಐನ್ಯಾಚುರಲಿಸ್ಟ್: ಹುಳಹುಪ್ಪಟೆ ಮೆಚ್ಚುವವರ ಜಾಗ (ಗಂಗಾವತಿಯಿಂದ ಒಂದು ವಿಮರ್ಶೆ)

ಕೆಲವು ವರ್ಷಗಳಿಂದ ನಾನು ದಿನಾ ತೆರೆಯುವ ಸೋಷಿಯಲ್ ಮೀಡಿಯಾ ಒಂದೇ, ಐನ್ಯಾಚುರಲಿಸ್ಟ್. ಕಂಡ ಹುಳ, ಹಕ್ಕಿ, ಕಪ್ಪೆಗಳ ಫೋಟೋ ಹಾಕಿ ಹೆಸರು ತಿಳಿದುಕೊಳ್ಳುವ ಜಾಗ. ರೀಲ್ಸ್ ಇಲ್ಲ, ಜಾಹೀರಾತು ಇಲ್ಲ, ಬಳಸಲು ದುಡ್ಡು ಕೊಡಬೇಕಿಲ್ಲ. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಓದಿನ ಭಾಗವಾಗಿ ಶುರು ಮಾಡಿದ್ದು. 2023ರಿಂದ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿದೆ, ಲಾಭದ ಲೆಕ್ಕ ಇಲ್ಲ.

ನಾನಿರುವುದು ಗಂಗಾವತಿ. ಸುತ್ತ ಭತ್ತದ ಗದ್ದೆ, ಎಡದಂಡೆ ಕಾಲುವೆ, ಆನೆಗೊಂದಿ ಕಡೆ ಹೋದರೆ ಬಂಡೆಗುಡ್ಡ. ನಮ್ಮ ಕಡೆ ಹುಳ ಅಂದ ಕೂಡಲೇ ಬೆಳೆಗೆ ಕೀಟನಾಶಕದ ಎಣ್ಣೆ ಹೊಡೆಯುವ ಮಾತು ಬರುತ್ತದೆ, ಅಲ್ಲಿಗೆ ಮುಗಿಯಿತು. ಜೇಡ, ಪತಂಗ, ಕಣಜ ಅಂತ ಗಂಟೆಗಟ್ಟಲೆ ನೋಡುತ್ತಾ ಕೂರುವವರ ಜೊತೆ ಮಾತಾಡಲು ಯಾರಿರುತ್ತಾರೆ? ಬೇರೆ ಕಡೆ ಜೇಡದ ಫೋಟೋ ಹಾಕಿದರೆ "ವಿಷ ಇದೆಯಾ", "ಮೊದಲು ಕೊಂದು ಹಾಕಿ ಸರ್" ಅಂತಲೇ ಕಾಮೆಂಟು ಬರುತ್ತಿದ್ದವು. ಇಲ್ಲಿ, ಬಲೆಯ ನಡುವೆ ಕಾಲು ಜೋಡಿಸಿಕೊಂಡು ಎಕ್ಸ್ ಆಕಾರದಲ್ಲಿ ಕೂರುತ್ತದಲ್ಲ ಆರ್ಜಿಯೋಪ್ ಜೇಡ, ಅದನ್ನು ಹಾಕಿದರೆ "ಹೊಟ್ಟೆಯ ಅಡಿಭಾಗ ಕಾಣುವ ಫೋಟೋ ಇದೆಯಾ?" ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ನನಗಾದ ಖುಷಿ ಅಷ್ಟಿಷ್ಟಲ್ಲ.

ಕೆಲಸ ಸರಳ. ಕಂಡದ್ದರ ಫೋಟೋ ಹಾಕಬೇಕು, ಕಪ್ಪೆಯ ಕೂಗಾದರೆ ಧ್ವನಿ ಹಾಕಿದರೂ ಆಯಿತು. ಎಲ್ಲಿ, ಯಾವಾಗ ಅಂತ ತಿಳಿಸಬೇಕು. ನೋಡಿದವರು ಹೆಸರು ಹೇಳುತ್ತಾರೆ. ಕನಿಷ್ಠ ಇಬ್ಬರು ಹೇಳಿ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಒಂದೇ ಜಾತಿಗೆ ಒಪ್ಪಿದರೆ ಅದು 'ರಿಸರ್ಚ್ ಗ್ರೇಡ್', ಅಂದರೆ ಸಂಶೋಧನೆಗೆ ಬಳಸಬಹುದಾದ ದಾಖಲೆ ಆಗುತ್ತದೆ.

ಮೃಗಶಿರ ಮಳೆಗೆ ಹೊಲದಲ್ಲಿ ಕೆಂಪು ಮಖಮಲ್ಲಿನಂಥ ಸಣ್ಣ ಹುಳಗಳು ಓಡಾಡುತ್ತವಲ್ಲ, ಅದನ್ನೂ ಹಾಕಿದ್ದೆ. ಹೆಸರು ಟ್ರೋಂಬಿಡಿಡೆ ಎಂಬ ಕುಟುಂಬದವರೆಗೆ ಬಂದು ನಿಂತಿತು. ಮುಂದೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದೆ. ಗುರುತು ಪರಿಚಯ ಇಲ್ಲದ ಒಬ್ಬರು ತಾಳ್ಮೆಯಿಂದ ವಿವರಿಸಿದರು. ಇದು ಕೀಟವೇ ಅಲ್ಲವಂತೆ, ಎಂಟು ಕಾಲಿನದು, ಜೇಡದ ಸಂಬಂಧಿ. ಮರಿಯಾಗಿದ್ದಾಗ ಮಾತ್ರ ಆರು ಕಾಲು, ಆಗ ಕೀಟಗಳ ಮೈಗೆ ಅಂಟಿಕೊಂಡು ಅವುಗಳ ರಸ ಹೀರಿ ಬದುಕುತ್ತದೆ. ಯಾವ ಜಾತಿ ಅಂತ ಹೇಳಬೇಕಾದರೆ ಮೈಕ್ರೋಸ್ಕೋಪ್ ಬೇಕು, ಮೊಬೈಲ್ ಫೋಟೋ ಸಾಲದು. ಚಿಕ್ಕಂದಿನಿಂದ ಅಂಗೈ ಮೇಲೆ ಬಿಟ್ಟುಕೊಂಡು ನೋಡಿದ ಜೀವದ ಬಗ್ಗೆ ಇಷ್ಟು ಹೇಳುವವರು ನನಗೆ ಊರಲ್ಲಿ ಸಿಕ್ಕಿರಲಿಲ್ಲ.

ಊರಿನವರು ಸಿಗುವುದೇ ಇಲ್ಲ ಅಂತಲ್ಲ. ರಾಯಚೂರು ಕಡೆಯ ಒಬ್ಬರು ಗುಲಾಬಿ ಕಾಯಿಕೊರಕದ ಪತಂಗವನ್ನು ಹಾಕಿದ್ದರು. ಹತ್ತಿ ಬೆಳೆಯುವವರಿಗೆಲ್ಲ ಆ ಹುಳು ಗೊತ್ತು, ಅದರ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ಆದರೆ ಆ ಸಣ್ಣ ಕಂದು ಪತಂಗದ ರೆಕ್ಕೆಯ ಅಂಚಿನ ಕುಚ್ಚು ಕಾಣುವಂತೆ ಫೋಟೋ ತೆಗೆಯುವವರು ಎಷ್ಟು ಜನ? ನಾನು ಕಾಮೆಂಟು ಹಾಕಿದೆ, ಅವರು "ಅಣ್ಣಾ, ನೀವೂ ರಾತ್ರಿ ಬಿಳಿ ಬಟ್ಟೆ ಕಟ್ಟಿ ನೋಡ್ತೀರಾ?" ಎಂದರು. ಬಟ್ಟೆಗೆ ದೀಪ ಬಿಟ್ಟರೆ ಪತಂಗಗಳು ಬಂದು ಕೂರುತ್ತವೆ, ಅದನ್ನೇ ಕೇಳಿದ್ದು. ಈಗಲೂ ಪತಂಗಗಳ ಬಗ್ಗೆ ನಮ್ಮಿಬ್ಬರದು ವಾದ ನಡೆಯುತ್ತಲೇ ಇರುತ್ತದೆ, ಅವರು ಒಂದು ಹೆಸರು ಹೇಳುತ್ತಾರೆ, ನಾನು ರೆಕ್ಕೆಯ ಚುಕ್ಕೆ ತೋರಿಸಿ ಇನ್ನೊಂದು ಹೇಳುತ್ತೇನೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಕಾರಣ ಕೊಟ್ಟು ಭಿನ್ನಾಭಿಪ್ರಾಯ ಹೇಳುವ ಜಾಗ ಇಂಟರ್ನೆಟ್‌ನಲ್ಲಿ ಇದೆ ಅಂತ ನಂಬಿಕೆ ಬಂದಿದ್ದು ಇಲ್ಲಿಗೆ ಬಂದ ಮೇಲೆ.

ಕೊರತೆ ಇಲ್ಲದೆ ಇಲ್ಲ. ಹಕ್ಕಿ ಹಾಕಿದರೆ ಬೇಗ ಉತ್ತರ, ಹುಳ ಹಾಕಿದರೆ ಕಾಯಬೇಕು, ಯಾಕೆಂದರೆ ಗುರುತಿಸುವವರೇ ಕಡಿಮೆ. ಕಂಪ್ಯೂಟರ್ ತಾನೇ ಹೆಸರು ಸೂಚಿಸುತ್ತದೆ, ಆದರೆ ಅದು ಕಲಿತಿರುವುದು ಇರುವ ಫೋಟೋಗಳಿಂದ. ನಮ್ಮ ಭಾಗದ ಫೋಟೋ ಕಡಿಮೆ ಇದ್ದರೆ ಅದರ ಮಾತು ಪೂರ್ತಿ ನಂಬಬೇಡಿ. ಬೇರೆಯವರು ಹೇಳಿದ ಹೆಸರಿಗೆ ನೋಡದೆ ಸುಮ್ನೆ 'ಅಗ್ರೀ' (ಒಪ್ಪಿದೆ) ಒತ್ತುವ ಅಭ್ಯಾಸವಂತೂ ಬೇಡವೇ ಬೇಡ. 2025ರಲ್ಲಿ ಗೂಗಲ್ ಕಡೆಯಿಂದ ಜನರೇಟಿವ್ ಎಐ (ತಾನೇ ಬರಹ, ಚಿತ್ರ ಹುಟ್ಟಿಸುವ ಕಂಪ್ಯೂಟರ್ ಬುದ್ಧಿ) ಕೆಲಸಕ್ಕೆ ಅನುದಾನ ಬಂದಾಗ ಸದಸ್ಯರಲ್ಲಿ ಬಹಳ ಜನ ವಿರೋಧಿಸಿದರು. ನನಗೆ ಅವರ ಸಿಟ್ಟು ಸರಿ ಅನಿಸಿತು. ಇಲ್ಲಿ ಬೆಲೆ ಇರುವುದು ಕಣ್ಣಿಟ್ಟು ನೋಡಿ ಹೇಳುವ ಮನುಷ್ಯರಿಗೆ.

ಮಾತುಕತೆ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ. ಎಷ್ಟೋ ಹುಳಗಳಿಗೆ ಕನ್ನಡ ಹೆಸರು ಕಾಣುವುದಿಲ್ಲ, ಆದರೆ ಗೊತ್ತಿದ್ದವರು ಯಾರು ಬೇಕಾದರೂ ಸೇರಿಸಬಹುದು.

ಜಾಗದ ವಿಷಯದಲ್ಲಿ ಹುಷಾರು. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿ ಮರಿಗಳ ಬಿಲ ಕಂಡಿರೆಂದರೆ ಜಾಗವನ್ನು 'ಅಬ್ಸ್ಕ್ಯೂರ್ಡ್' ಮಾಡಿ. ಆಗ ನಕ್ಷೆಯಲ್ಲಿ 20 ಕಿ.ಮೀ.ಗೂ ಜಾಸ್ತಿ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಅಂತಷ್ಟೇ ಕಾಣುತ್ತದೆ. ಮನೆಯಂಗಳದ ಫೋಟೋಗೂ ಹೀಗೇ ಮಾಡುವುದು ಒಳ್ಳೆಯದು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಪತಂಗ ಹಾಕಿದರೆ ನಾನು ನೋಡೇ ನೋಡುತ್ತೇನೆ, ಗೊತ್ತಿದ್ದಷ್ಟು ಹೇಳುತ್ತೇನೆ.